ವಿಂಚೆಸ್ಟರಿನ ಮೋಹ

ಯೆರವಡಾದ ನಮ್ಮ ಮನೆಯಲ್ಲಿ ಬಂದೂಕಿಲ್ಲ. ಬೆಂಗಳೂರಿನ ಬೇಟೆಗಾರ ಕೆನೆತ್ ಆಂಡರ್ಸನ್ನರ ಕಥೆಗಳಿವೆ. ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದ ಅವನ್ನು ಓದುವಾಗಲೆಲ್ಲ ಆ .405 ವಿಂಚೆಸ್ಟರ್ ರೈಫಲಿನ ಮೇಲೆ ನಮಗೂ ಮೋಹ ಹುಟ್ಟುತ್ತದೆ. 1895ರ ಮಾದರಿ, ಕುದುರೆಯನ್ನು ಬಳಸಿದ ಸನ್ನೆಯನ್ನು ಕೆಳಗೆಳೆದು ಮೇಲೊತ್ತಿದರೆ ಖಾಲಿ ತೋಟಾ ಹೊರಬಿದ್ದು ಹೊಸದು ಒಳಸೇರುತ್ತದೆ. ಎಂಥ ಅಚ್ಚುಕಟ್ಟು! ಆದರೆ ಆ ಅಚ್ಚುಕಟ್ಟೆಲ್ಲ ಎರಡನೆಯ ಗುಂಡು ಬೇಗ ಹಾರಲೆಂದೇ ಅಲ್ಲವೆ?

ನರಭಕ್ಷಕವನ್ನು ಕೊಂದದ್ದು ಹಳ್ಳಿಗರ ರಕ್ಷಣೆಗೆಂದು ಸಮಾಧಾನ ಹೇಳಿಕೊಳ್ಳುತ್ತೇವೆ. ಅದು ಸುಳ್ಳೂ ಅಲ್ಲ. ಆದರೂ ಉಸಿರು ಬಿಗಿಹಿಡಿದು ನಾವು ಕಾದದ್ದು ಹಳ್ಳಿಗರ ನೆಮ್ಮದಿಗಲ್ಲ, ಗುಂಡಿನ ಸದ್ದಿಗೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಗಾರನ ಕೈಗೆ ಕಡಿವಾಣ ಹಾಕಿತು. ಓದುಗನ ಮನಸ್ಸಿಗೆ ಹಾಕುವವರಾರು?

ನಮ್ಮೂರ ಸೆರೆಮನೆಯಲ್ಲಿ ಗಾಂಧೀಜಿ ಇದ್ದಾಗ ರೂಪುಗೊಂಡ, ಪೆಟ್ಟಿಗೆಯೊಳಗೆ ಮಡಚಿಡುವ ಚರಕಕ್ಕೆ ಯೆರವಡಾ ಚಕ್ರವೆಂದೇ ಹೆಸರು. ಅದೂ ಕೈಗೊಪ್ಪುವ ಉಪಕರಣವೇ. ಚರಕವನ್ನು ಕೊಂಡು ನೂಲದವನು ನಾಚುತ್ತಾನೆ. ಹಳೆಯ ವಿಂಚೆಸ್ಟರನ್ನು ಸಂಗ್ರಹಿಸಿ, ಎಣ್ಣೆ ಒರೆಸಿ, ಒಂದು ಗುಂಡನ್ನೂ ಹಾರಿಸದವನನ್ನು ನಾವು ಸಭ್ಯನೆನ್ನುತ್ತೇವೆ. ಬಳಸದೆ ಇದ್ದರಷ್ಟೇ ಒಳ್ಳೆಯದಾಗುವ ವಸ್ತುವಿನ ಮೇಲೆ ಇಷ್ಟೇಕೆ ಪ್ರೀತಿ? ಉತ್ತರ ತಿಳಿದವರಂತೆ ಬರೆಯಲು ನಮಗೆ ಸಂಕೋಚ. ಮಳೆಗಾಲದ ರಾತ್ರಿ ನಮ್ಮ ಕೈ ಹೋಗುವುದು ಆಂಡರ್ಸನ್ನರ ಪುಸ್ತಕಕ್ಕೇ. ಚರಕ ಅಟ್ಟದ ಮೇಲಿದೆ.