ಆಗದ ಹುಣ್ಣಿಗೆ ಯಾರ ಥ್ಯಾಂಕ್ಸು?

2019ರ ಚಳಿಗಾಲ ಮಾಂಟ್ರಿಯಲ್‌ನಲ್ಲಿ ಮಗಳ ಮನೆಯಲ್ಲಿದ್ದೆ. ಅಳಿಯ ಟೀವಿಯಲ್ಲಿ ಅಮೆರಿಕನ್ ಫುಟ್‌ಬಾಲ್ ಹಾಕಿಕೊಂಡು ಕೂರುತ್ತಿದ್ದ. ನನಗೆ ತಲೆಬುಡ ಗೊತ್ತಾಗುತ್ತಿರಲಿಲ್ಲ. "ಚೆಂಡು ನೋಡಬೇಡಿ ಅತ್ತೆ, 76ನೇ ನಂಬರಿನವನನ್ನು ನೋಡಿ, ಈ ಕಡೆಯವನೇ" ಎಂದ.

ನೋಡಿದೆ. ಆಳು ದೈತ್ಯ. ಒಂದು ಕೈ ಹುಲ್ಲಿಗೆ ಊರಿ ಬಗ್ಗಿರುತ್ತಾನೆ. ಆಟ ಶುರುವಾದ ಕೂಡಲೇ ಎದುರಿನವನ ಎದೆಗೆ ಎರಡೂ ಅಂಗೈ ಕೊಟ್ಟು ತಡೆಯುತ್ತಾನೆ. ಅಷ್ಟೇ ಅವನ ಕೆಲಸ. ಹಿಂದಿನಿಂದ ಅವನದೇ ತಂಡದ ಮಹೋಮ್ಸ್ ಚೆಂಡು ಎಸೆದರೆ ಜನ ಮಹೋಮ್ಸ್‌ಗೆ ಕೂಗುತ್ತಾರೆ. 76 ಎಂದು ಕೇಳಿಸುವುದು ಅವನು ತಪ್ಪು ಮಾಡಿ, ರೆಫರಿ ಮೈಕಿನಲ್ಲಿ ಸಾರಿದಾಗ ಮಾತ್ರ.

ಮೂವತ್ತೊಂದು ವರ್ಷ ವಾರ್ಡಿನಲ್ಲಿ ನರ್ಸಾಗಿದ್ದವಳಿಗೆ ಇದು ಹೊಸತಲ್ಲ. ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಹೊರಳಿಸಿದರೆ ಬೆನ್ನಿಗೆ ಹುಣ್ಣಾಗುವುದಿಲ್ಲ. ಆಗದ ಹುಣ್ಣಿಗೆ ಯಾರು ಥ್ಯಾಂಕ್ಸ್ ಹೇಳುತ್ತಾರೆ?

ಆ 76ನೇ ನಂಬರಿನವನ ಹೆಸರು ಲೊರಾಂ ಡ್ಯುವರ್ನೆ-ತಾರ್ದಿಫ್, ಕ್ವಿಬೆಕ್‌ನವನು. ಮ್ಯಾಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರಿಕೆ ಓದುತ್ತಿರುವಾಗಲೇ 2014ರಲ್ಲಿ ಕಾನ್ಸಾಸ್ ಸಿಟಿ ಚೀಫ್ಸ್ ತಂಡ ಆರಿಸಿಕೊಂಡಿತು. ಆ ವರ್ಷ ಲೀಗಿನ ತಂಡಗಳು ಆರಿಸಿದ ಹೊಸಬರ ಪಟ್ಟಿಯಲ್ಲಿ ಅವನು 200ನೆಯವನು. 2018ರಲ್ಲಿ ಪದವಿ ಬಂತು. ಅಂಗಿಯ ಮೇಲೆ ಹೆಸರಿನ ಜೊತೆ ಎಂ.ಡಿ. ಹಾಕಿಸುವ ಆಸೆ ಅವನಿಗೆ, ಲೀಗ್ ಒಪ್ಪಲಿಲ್ಲ. 2020ರ ಫೆಬ್ರವರಿ 2ರಂದು ಅವನ ತಂಡ ಲೀಗಿನ ಅಂತಿಮ ಪಂದ್ಯವಾದ ಸೂಪರ್ ಬೌಲನ್ನು 31-20ರಿಂದ ಗೆದ್ದಿತು. ಮಾರ್ಚಿನಲ್ಲಿ ಕೋವಿಡ್‌ನಿಂದ ಊರೆಲ್ಲ ಬಂದ್.

ಏಪ್ರಿಲ್‌ನಲ್ಲಿ ಅವನು ಮಾಂಟ್ರಿಯಲ್ ಹತ್ತಿರದ ವೃದ್ಧರ ಆರೈಕೆ ಕೇಂದ್ರಕ್ಕೆ ಕೆಲಸಕ್ಕೆ ಹೋದ. ರೆಸಿಡೆನ್ಸಿ ತರಬೇತಿ ಆಗಿರಲಿಲ್ಲವಾದ್ದರಿಂದ ಡಾಕ್ಟರಾಗಿ ಅಲ್ಲ, ಆರ್ಡರ್ಲಿಯಾಗಿ. ಮಾತ್ರೆ ಹಂಚುವುದು, ಊಟ ಮಾಡಿಸುವುದು. ಜುಲೈನಲ್ಲಿ ಆ ವರ್ಷದ ಆಟವನ್ನೇ ಬಿಟ್ಟ, ಸುಮಾರು 27 ಲಕ್ಷ ಡಾಲರ್ ಸಂಬಳದ ಸಮೇತ.

ಗೀತೆ ಓದುವಾಗಿನ ನನ್ನ ಹಳೆಯ ತೊಡಕು ಆಗ ಮತ್ತೆ ಎದ್ದಿತು. ಅರ್ಜುನನಿಗೆ ಕೃಷ್ಣ ತೋರಿಸಿದ್ದು ಒಂದೇ ಸ್ವಧರ್ಮ. ಎರಡಿದ್ದವನು ಏನು ಮಾಡಬೇಕು? ಒಂದರಲ್ಲಿ ನಿಂತರೆ ಇನ್ನೊಂದರಿಂದ ಓಡಿಹೋದಂತೆ. ಜೀವ ಉಳಿಸುವುದೇ ದೊಡ್ಡದು, ಅದರಲ್ಲೇನು ಪ್ರಶ್ನೆ ಎನ್ನುತ್ತಾರೆ ನಮ್ಮ ಪ್ರವಚನದವರು. ಹಾಗಾದರೆ 2021ರಲ್ಲಿ ಅವನು ಮತ್ತೆ ಆಟಕ್ಕೆ ಮರಳಿದ್ದು ಅಧರ್ಮವೇ? ನಾನಂತೂ ಒಪ್ಪುವುದಿಲ್ಲ. ಆಯಾ ಬಾರದ ದಿನ ನಾನೇ ಬೆಡ್‌ಪ್ಯಾನ್ ತೊಳೆದಿದ್ದೇನೆ. ಮರುದಿನ ಅವಳು ಬಂದಳು, ನಾನು ಇಂಜೆಕ್ಷನ್ ಕೊಡಲು ಹೋದೆ. ಎರಡೂ ದಿನ ನನ್ನ ಧರ್ಮ ಒಂದೇ ಇತ್ತು. ಯಾವ ಜಾಗ ಖಾಲಿ ಬಿದ್ದು ರೋಗಿ ನರಳುತ್ತಾನೋ ಅಲ್ಲಿಗೆ ಮೈ ಒಡ್ಡುವುದು. ಆ 76ನೇ ನಂಬರಿನವನಿಗೆ ಅದು ಅಭ್ಯಾಸವಾಗಿಬಿಟ್ಟಿತ್ತು, ಹುಲ್ಲಿನ ಮೇಲೆ.

ಫಲ ಮಾತ್ರ ಹುಡುಕಿಕೊಂಡು ಬಂತು. ಸ್ಪೋರ್ಟ್ಸ್ ಇಲ್ಲಸ್ಟ್ರೇಟೆಡ್ ಪತ್ರಿಕೆ 2020ರ ವರ್ಷದ ಕ್ರೀಡಾಪಟುಗಳಲ್ಲಿ ಅವನನ್ನೂ ಸೇರಿಸಿತು. ಅವನ ಜೊತೆ ಪಾಳಿ ಮಾಡಿದ ಆಯಾಗಳ ಫೋಟೊ ನಾನೆಲ್ಲೂ ಕಾಣಲಿಲ್ಲ.

ಇನ್ನೊಂದನ್ನು ಮುಚ್ಚಿಡಬಾರದು. ಅವನು ಬಿಟ್ಟುಬಂದ ಜಾಗವೂ ಒಂದು ಖಾಲಿ ಜಾಗವೇ. 2021ರ ಫೆಬ್ರವರಿ 7ರಂದು ಅವನ ತಂಡ ಮತ್ತೆ ಸೂಪರ್ ಬೌಲ್ ಆಡಿತು. ತಡೆಯುವ ಸಾಲಿನ ಎರಡೂ ತುದಿಯವರು ಗಾಯಗೊಂಡು ಹೊರಗಿದ್ದರು, ಇವನು ಮಾಂಟ್ರಿಯಲ್ ಕಡೆ ಉಳಿದಿದ್ದ. ಆಟ ಮುಗಿಯುವವರೆಗೂ ಮಹೋಮ್ಸ್ ಬೆನ್ನಟ್ಟಿಸಿಕೊಂಡು ಓಡಿದ. 31-9ರಿಂದ ಸೋತರು.