ಬುತ್ತಿಯೂ ವ್ರತವೂ

ಬಾದಾಮಿಗೂ ಪಟ್ಟದಕಲ್ಲಿಗೂ ನಡುವೆ ಗುಡ್ಡಗಳ ಮಡಿಲಲ್ಲಿರುವ ಮಹಾಕೂಟಕ್ಕೆ ಬರುವ ಯಾತ್ರಿಕರು ಬುತ್ತಿಯ ಗಂಟು ಕಟ್ಟಿಕೊಂಡು ಬರುವುದು ಈ ಸೀಮೆಯ ಹಳೆಯ ರೂಢಿ. ಪುಷ್ಕರಿಣಿಯಲ್ಲಿ ಮಿಂದು, ದರ್ಶನ ಮುಗಿಸಿ, ಮರದ ನೆರಳಿನಲ್ಲಿ ಗಂಟು ಬಿಚ್ಚಿದರೆ ಸಜ್ಜೆಯ ರೊಟ್ಟಿ, ಗುರೆಳ್ಳಿನ ಚಟ್ನಿ, ಜುಣಕ, ಶೇಂಗಾದ ಹೋಳಿಗೆ, ಮೊಸರನ್ನ ಹೊರಬರುತ್ತವೆ. ಒಂದು ಮನೆಯ ರೊಟ್ಟಿ ಮತ್ತೊಂದು ಮನೆಯವರ ಕೈಗೆ ಹೋಗುವುದೂ ಅಷ್ಟೇ ಸಹಜ. ಎಳ್ಳಮವಾಸ್ಯೆಯಂದು ಹೊಲದಲ್ಲಿ ಚರಗ ಚೆಲ್ಲಿ ಬಂಧುಬಳಗವೆಲ್ಲ ಕೂಡಿ ಉಣ್ಣುವಾಗಲೂ, ಬಸುರಿ ಮಗಳಿಗೆ ತವರಿನವರು ಕುಬಸದ ಬುತ್ತಿ ಒಯ್ಯುವಾಗಲೂ ಇದೇ ಭಾವ. ಇಲ್ಲಿ ಬುತ್ತಿಯೆಂದರೆ ಪ್ರೀತಿ.

ಆದರೆ ಮದುವೆಯ ಮನೆಯಲ್ಲಿ ಬೀಗರು ಎಲೆ ಹಾಕಿ ಕರೆದಾಗ ಅತಿಥಿಯೊಬ್ಬರು ಮನೆಯಿಂದ ತಂದ ಡಬ್ಬಿ ತೆರೆದರೆ ಅದೇ ಬುತ್ತಿ ಅವಮಾನವಾಗಿ ಕಾಣಬಹುದು. ಅಮೆರಿಕದಲ್ಲಿ ನವೆಂಬರ ತಿಂಗಳ ನಾಲ್ಕನೆಯ ಗುರುವಾರ ಕೃತಜ್ಞತೆಯ ಹಬ್ಬಕ್ಕೆ ಕೂಡುವ ಎಷ್ಟೋ ಕುಟುಂಬಗಳಲ್ಲಿ ಮನೆಗೊಂದು ಪದಾರ್ಥ ತರುವುದೇ ಶಿಷ್ಟಾಚಾರ. ಅಲ್ಲಿ ಬರಿಗೈಯಲ್ಲಿ ಹೋದವನೇ ನಾಚಬೇಕಾದೀತು. ಕ್ರಿಯೆ ಒಂದೇ, ಅದರ ಅರ್ಥವನ್ನು ಆಯಾ ನೆಲದ ರೂಢಿ ನಿರ್ಣಯಿಸುತ್ತದೆ.

ಹೀಗಿರುವಲ್ಲಿ ವ್ರತಧಾರಿಯಾದ ಶ್ರಾವಕನ ಪಾಡೇನು? ಅವನಿಗೆ ಕಂದಮೂಲ ವರ್ಜ್ಯ. ಸೋಸಿದ ನೀರಿನ ಮರ್ಯಾದೆ ಎರಡು ಗಳಿಗೆ, ಅಂದರೆ 48 ನಿಮಿಷ. ಹಿಟ್ಟಿನ ಮರ್ಯಾದೆ ಮಳೆಗಾಲದಲ್ಲಿ 3, ಬೇಸಿಗೆಯಲ್ಲಿ 5, ಚಳಿಗಾಲದಲ್ಲಿ 7 ದಿನ. ಕಡಲೆಹಿಟ್ಟಿನ ಜುಣಕದ ಜೊತೆಗೆ ಮೊಸರು ಕಲಸಿದರೆ ದ್ವಿದಲ ದೋಷ. ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ಆದ್ದರಿಂದ ಅವನ ಬುತ್ತಿ ಅನೇಕ ವೇಳೆ ಹಂಚುವುದಕ್ಕಲ್ಲ, ತಾನು ಬೇರೆಯಾಗಿ ಉಣ್ಣುವುದಕ್ಕೆ. ಈ ಪ್ರಶ್ನೆ ಇಂದು ನಿನ್ನೆಯದಲ್ಲ. ಬಾದಾಮಿಯ ನಾಲ್ಕನೆಯ ಗುಹೆಯಲ್ಲಿ ಪಾರ್ಶ್ವನಾಥ ಬಾಹುಬಲಿಯರು ನಿಂತಿರುವ, ಕ್ರಿ.ಶ. 634ರಲ್ಲಿ ರವಿಕೀರ್ತಿಯು ಐಹೊಳೆಯಲ್ಲಿ ಜಿನಾಲಯವನ್ನು ಕಟ್ಟಿಸಿದ ಈ ನಾಡಿನಲ್ಲಿ ಜೈನರೂ ಶೈವರೂ ಅಂದಿನಿಂದಲೂ ನೆರೆಯವರು.

ವ್ರತವನ್ನು ಸಡಿಲಿಸಿ ಬಂಧುವನ್ನು ಮೆಚ್ಚಿಸಬೇಕೆ, ಬಂಧುವನ್ನು ನೋಯಿಸಿ ವ್ರತವನ್ನು ಉಳಿಸಬೇಕೆ ಎಂದು ಕೆಲವರು ಕೇಳುತ್ತಾರೆ. ಪ್ರಶ್ನೆಯನ್ನು ಹೀಗೆ ಎರಡೇ ದಾರಿಯಾಗಿ ಒಡೆಯುವುದು ಸರಿಯಲ್ಲ. ದಾನವು ಪಾತ್ರರಾದ ತ್ಯಾಗಿಗಳಿಗಷ್ಟೇ ಮೀಸಲಲ್ಲ. ಸಮಾನರಿಗೆ ಆದರದಿಂದ ಕೊಡುವ ಸಮದತ್ತಿಯನ್ನೂ ಜಿನಸೇನಾಚಾರ್ಯರು ಆದಿಪುರಾಣದಲ್ಲಿ ಹೇಳಿದ್ದಾರೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ವೈಯಾವೃತ್ಯದ ಅತಿಚಾರಗಳನ್ನು ಎಣಿಸುವಾಗ, ಆಹಾರವನ್ನು ಹಸಿರೆಲೆಯಿಂದ ಮುಚ್ಚುವ ದೋಷದ ಸಾಲಿನಲ್ಲಿಯೇ ಅನಾದರವನ್ನೂ ಮಾತ್ಸರ್ಯವನ್ನೂ ಇರಿಸಿದ್ದಾರೆ. ಎಲೆಯ ಜೀವಕ್ಕೆ ಅಂಜುವವನು ಮನುಷ್ಯನ ಮನಸ್ಸಿಗೂ ಅಂಜಬೇಕೆಂಬ ಪಾಠವನ್ನು ಗೃಹಸ್ಥನು ಇದರಿಂದ ಪಡೆಯಬಹುದು. ‘ನಿಮ್ಮ ನೀರು ನಮಗೆ ನಡೆಯದು’ ಎಂದು ಪಂಕ್ತಿಯಲ್ಲಿ ನುಡಿಯುವ ನಾಲಿಗೆ ಶುದ್ಧಾಹಾರವನ್ನು ಉಂಡರೂ ಮಾನಕಷಾಯವನ್ನೂ ಉಣ್ಣುತ್ತದೆ.

ಇದಕ್ಕೆ ಆದರ್ಶ ಮುನಿಗಳ ಆಹಾರಚರ್ಯೆಯಲ್ಲಿದೆ. ಎಲ್ಲರಿಗಿಂತ ಕಠಿಣ ವ್ರತವುಳ್ಳ ದಿಗಂಬರ ಮುನಿ ಬುತ್ತಿಯನ್ನೇ ಕಟ್ಟುವುದಿಲ್ಲ. ಕೈಯೇ ಪಾತ್ರೆ, ದಿನಕ್ಕೊಂದೇ ಸಲ, ನಿಂತು ಸ್ವೀಕಾರ. ಮನದಲ್ಲಿ ತಳೆದ ನಿಯಮ ಕೂಡದಿದ್ದರೆ ಅವರು ಮೌನವಾಗಿ ಮರಳುತ್ತಾರೆ. ಆ ಮನೆಯನ್ನು ದೂಷಿಸುವುದಿಲ್ಲ, ಒಳಗೂ ಮುನಿಯುವುದಿಲ್ಲ. ಇದೇ ಇಪ್ಪತ್ತೆರಡು ಪರೀಷಹಗಳಲ್ಲಿ ಒಂದಾದ ಅಲಾಭದ ಜಯ. ನಿರಾಕರಣೆಯಲ್ಲಿಯೂ ಅಪ್ರಸನ್ನತೆ ಇಲ್ಲದಿರುವುದು ಅಲ್ಲಿಯ ಹಿರಿಮೆ.

ಗೃಹಸ್ಥನಿಗಾದರೋ ಮೌನವಷ್ಟೇ ಸಾಲದು. ಅವನಿಗೆ ತಂಗಿಯುಂಟು, ಬೀಗರುಂಟು, ನೆರೆಯವರುಂಟು. ಅವನ ಮೌನವೇ ಅವರನ್ನು ಚುಚ್ಚಬಹುದು. ಆದುದರಿಂದ ಅವನು ತನ್ನ ನಿಯಮವನ್ನು ಮೊದಲೇ, ಮೆಲ್ಲಗೆ, ಏಕಾಂತದಲ್ಲಿ ತಿಳಿಸುವುದು ಯೋಗ್ಯ. ಬುತ್ತಿ ಕಟ್ಟುವಾಗ ತನಗೊಬ್ಬನಿಗೇ ಕಟ್ಟದೆ ನಾಲ್ವರಿಗೆ ಸಾಲುವಷ್ಟು ಕಟ್ಟಲಿ. ಅದಕ್ಕಿಂತಲೂ ಮುಖ್ಯವಾದುದೊಂದಿದೆ. ಕೊಡುವವನಾಗಿಯೇ ಉಳಿದು ಏನನ್ನೂ ಸ್ವೀಕರಿಸದವನು ಆತಿಥೇಯರನ್ನು ಬಡವರನ್ನಾಗಿ ಮಾಡುತ್ತಾನೆ. ಅಕ್ಕನ ಮನೆಗೆ ಹೋದವನು ‘ಅಕ್ಕಾ, ನೀರು ಸೋಸಿ ಕಾಯಿಸಿಕೊಡು, ಒಂದು ಹಣ್ಣು ಹೆಚ್ಚಿಕೊಡು’ ಎಂದು ಬೇಡಲಿ. ಅಕ್ಕನ ಕೈ ಅವನ ಊಟದಲ್ಲಿ ಸೇರಿದರೆ ಅವಳ ಆತಿಥ್ಯ ಸಫಲವಾಯಿತು. ವ್ರತಕ್ಕೂ ಕುಂದು ಬರಲಿಲ್ಲ.

ಆತಿಥೇಯರಿಗೂ ಧರ್ಮವುಂಟು. ‘ಇಂದೊಂದು ದಿನ ಏನಾದೀತು’ ಎಂದು ಒತ್ತಾಯಿಸುವುದು ಪ್ರೀತಿಯ ಮಾತಾಗಿ ಕಂಡರೂ ಮತ್ತೊಬ್ಬರ ಸಂಕಲ್ಪವನ್ನು ಹಗುರಾಗಿ ಎಣಿಸುವುದೇ ಆಗುತ್ತದೆ. ಪದಾರ್ಥದಲ್ಲಿ ಬೆಳ್ಳುಳ್ಳಿ ಸೇರಿದ್ದರೆ, ಪರದೇಶದ ಸಿಹಿತಿನಿಸಿನಲ್ಲಿ ಪ್ರಾಣಿಗಳ ಮೂಳೆ ಚರ್ಮಗಳಿಂದ ತೆಗೆದ ಜೆಲಾಟಿನ್ ಇದ್ದರೆ, ಅದನ್ನು ಮುಚ್ಚಿಡದೆ ಹೇಳಬೇಕು. ಮರೆಮಾಚಿ ಬಡಿಸಿದ ಅನ್ನದಲ್ಲಿ ಮಾಯಾಕಷಾಯ ಬೆರೆತಿರುತ್ತದೆ.

ವ್ರತವು ತೆಗೆದುಕೊಂಡವನನ್ನು ಕಟ್ಟುತ್ತದೆ. ಪಕ್ಕದಲ್ಲಿ ಕುಳಿತವರನ್ನು ಅಳೆಯುವ ಕೋಲು ಅದಲ್ಲ. ಮರದ ನೆರಳಿನಲ್ಲಿ ಹತ್ತು ಗಂಟುಗಳು ಬಿಚ್ಚಿಕೊಂಡಾಗ ಶ್ರಾವಕನ ಗಂಟು ಬೇರೆಯಾಗಿರಬಹುದು, ಅವನು ಕುಳಿತ ಚಾಪೆ ಬೇರೆಯಾಗಬೇಕಾಗಿಲ್ಲ.