ಸ್ವಿಚ್ಚಿನ ಜೀರ್ಣೋದ್ಧಾರ

ವಿದ್ಯುದ್ದೀಪದ ಸ್ವಿಚ್ಚು ಸವೆದುಹೋದರೆ ಅಂಗಡಿಯಿಂದ ಹೊಸದನ್ನು ತರುವುದು ಈಗಿನ ರೂಢಿ. ಅದರ ಬೆಲೆಯೂ ಅತ್ಯಲ್ಪ. ಹೀಗಿರುವಲ್ಲಿ, ಒಂದು ತಾಸು ಕುಳಿತು ಹಳೆಯದನ್ನೇ ಬಿಚ್ಚಿ ಸರಿಪಡಿಸುವವನಿಗೆ ಉಂಟಾಗುವ ಸಂತೋಷವು ಎಂತಹುದು? ಅದು ಲೋಭದ ಒಂದು ರೂಪವೋ, ಜ್ಞಾನದ ಫಲವೋ? ವಿಷಯವು ಕ್ಷುದ್ರವೆಂದು ವಾಚಕರು ನಗಬಹುದು. ತರ್ಕಶಾಸ್ತ್ರವನ್ನು ಮಡಕೆಯ ದೃಷ್ಟಾಂತದಿಂದ ಹೇಳಿಕೊಟ್ಟ ದೇಶದಲ್ಲಿ ಸ್ವಿಚ್ಚು ಮಾತ್ರ ಏಕೆ ವರ್ಜ್ಯವಾಗಬೇಕೋ ನಾನರಿಯೆ.

ಸ್ವಿಚ್ಚಿನೊಳಗೆ ಲೋಹದ ಎರಡು ತುದಿಗಳು ಕೂಡಿದರೆ ವಿದ್ಯುತ್ತು ಹರಿಯುವುದು, ಅಗಲಿದರೆ ನಿಲ್ಲುವುದು. ಅಗಲುವಿಕೆಯು ನಿಧಾನವಾದಷ್ಟೂ ನಡುವಣ ಗಾಳಿಯಲ್ಲಿ ಕಿಡಿಯು ಹೆಚ್ಚು ಹೊತ್ತು ನಿಂತು ಲೋಹವನ್ನು ಸುಡುವುದು. ಇದನ್ನು ತಡೆಯಲೆಂದೇ ಇಂಗ್ಲೆಂಡಿನ ನ್ಯೂಕ್ಯಾಸಲ್ ಪಟ್ಟಣದ ಜಾನ್ ಹೆನ್ರಿ ಹೋಮ್ಸ್ ಎಂಬಾತನು 1884ರಲ್ಲಿ ಸ್ಪ್ರಿಂಗಿನ ಬಲದಿಂದ ಥಟ್ಟನೆ ಅಗಲುವ ಸ್ವಿಚ್ಚನ್ನು ನಿರ್ಮಿಸಿದನು. ನಾವು ಗುಂಡಿಯನ್ನು ಎಷ್ಟೇ ಮೆಲ್ಲಗೆ ಒತ್ತಿದರೂ ಒಳಗಿನ ಸನ್ನೆಯು ತನ್ನ ವೇಗದಿಂದಲೇ ನೆಗೆಯುವುದು. ನಾವು ಕೇಳುವ ‘ಟಿಕ್’ ಎಂಬ ಸದ್ದು ಅದರದೇ.

ದೀಪವು ಮಿಣುಕುತ್ತಿದೆ, ಗುಂಡಿಯು ಬಿಸಿಯಾಗಿದೆ, ಒಳಗೆ ಚಿರಿಚಿರಿ ಸದ್ದು ಕೇಳುತ್ತಿದೆ ಎಂದಿಟ್ಟುಕೊಳ್ಳೋಣ. ತಂತಿಯನ್ನು ಬಿಗಿದ ತಿರುಪು ಸಡಿಲವಾಗಿರಬೇಕು, ಇಲ್ಲವೆ ಲೋಹದ ತುದಿಗಳಿಗೆ ಮಸಿ ಹಿಡಿದಿರಬೇಕು ಎಂದು ಊಹಿಸುತ್ತೇವೆ. ಮೆಯಿನ್ ಸ್ವಿಚ್ಚನ್ನು ಆರಿಸಿ, ತಂತಿಯಲ್ಲಿ ವಿದ್ಯುತ್ತಿಲ್ಲವೆಂದು ಪರೀಕ್ಷಿಸಿಕೊಂಡು ಮುಚ್ಚಳವನ್ನು ತೆಗೆದರೆ, ಊಹಿಸಿದ್ದೇ ಕಣ್ಣೆದುರಿಗೆ ಇರುವುದು! ಲೋಕದಲ್ಲಿ ಹೊಗೆಯನ್ನು ಕಂಡು ಬೆಂಕಿಯನ್ನು ಅನುಮಾನಿಸುವವರು ಬಹಳ. ಬೆಟ್ಟವನ್ನು ಹತ್ತಿ ನೋಡುವವರು ವಿರಳ. ಮಕ್ಕಳ ಮಂದಬುದ್ಧಿಗೂ ದೇಶದ ದಾರಿದ್ರ್ಯಕ್ಕೂ ನಾವು ಹೇಳುವ ಕಾರಣಗಳನ್ನು ಯಾರು ಬಿಚ್ಚಿ ನೋಡಿದ್ದಾರೆ? ಇಲ್ಲಿಯಾದರೋ ಅನುಮಾನವು ಪ್ರತ್ಯಕ್ಷದಲ್ಲಿ ಮುಗಿಯುವುದು. ಈ ಸಂತೋಷದ ಬೀಜವು ಅದೇ ಎಂದು ನನ್ನ ಮತ. ಉಳಿದ ದುಡ್ಡು ಲೆಕ್ಕಕ್ಕೆ ಬರುವಷ್ಟೂ ಅಲ್ಲ.

ಆದರೆ ಸಂತೋಷವು ಸರಿಪಡಿಸಿದವನದು, ಅಪಾಯವು ಒತ್ತುವವರದು. ಮನೆಗೆ ಬರುವ ವಿದ್ಯುತ್ತು 230 ವೋಲ್ಟಿನದು. ಕತ್ತಲೆಯಲ್ಲಿ ತಡಕುವ ಮಗುವಾಗಲಿ ಅತಿಥಿಯಾಗಲಿ ನಮ್ಮ ಕೈಚಳಕವನ್ನು ಪರೀಕ್ಷಿಸಿ ಒತ್ತುವುದಿಲ್ಲ, ನಂಬಿ ಒತ್ತುತ್ತಾರೆ. ಇಲ್ಲಿ ಆಗಮಗಳ ಜೀರ್ಣೋದ್ಧಾರಕ್ರಮವು ನೆನಪಿಗೆ ಬರುವುದು. ಬಿಂಬದ ಉಪಾಂಗವು ಭಿನ್ನವಾದರೆ ಸರಿಪಡಿಸಬಹುದು. ಪ್ರಧಾನಾಂಗವೇ ಭಂಗವಾದರೆ, ಎಷ್ಟು ಕಾಲ ಪೂಜೆಗೊಂಡದ್ದಾದರೂ ವಿಸರ್ಜಿಸತಕ್ಕದ್ದು. ಸಡಿಲವಾದ ತಿರುಪು, ತೆಳುವಾದ ಮಸಿ, ಇವು ಉಪಾಂಗದೋಷಗಳು. (ಮಸಿಯನ್ನಾದರೂ ಮೆಲ್ಲಗೆ ಒರಸಬೇಕು, ಬೆಳ್ಳಿಯ ಲೇಪವಿದ್ದಲ್ಲಿ ಉಪ್ಪುಕಾಗದವು ಲೇಪವನ್ನೇ ತಿಂದುಹಾಕುವುದು.) ಸ್ಪ್ರಿಂಗು ಸೋತರೆ, ತುದಿಗಳು ಸುಟ್ಟು ಕುಳಿಬಿದ್ದರೆ, ಮೈ ಬಿರಿದರೆ ಅದು ಪ್ರಧಾನಾಂಗದ ಭಂಗ. ಆಗ ಬಿಡಲಾರದೆ ಮತ್ತೆ ಮತ್ತೆ ಕಟ್ಟುವವನ ಸಂತೋಷವನ್ನು ಲೋಭವೆಂದು ಕರೆಯಲು ನಾನು ಹಿಂಜರಿಯೆನು. ಈಗಿನ ಅನೇಕ ಸ್ವಿಚ್ಚುಗಳನ್ನು ಬಿಚ್ಚಲು ಬಾರದಂತೆಯೇ ಮಾಡಿರುತ್ತಾರೆ. ಅಲ್ಲಿ ಈ ವಿಚಾರಕ್ಕೆ ಅವಕಾಶವೇ ಇಲ್ಲ.

ನಮ್ಮ ಮನೆಯ ಜಗಲಿಯ ಹಳೆಯ ಸ್ವಿಚ್ಚು ಎರಡು ತಿರುಪುಗಳನ್ನು ಬಿಗಿದ ಮೇಲೆ ಸುಖವಾಗಿದೆ. ಬಚ್ಚಲುಮನೆಯದು ಗುಂಡಿಯಾಟದಲ್ಲಿ ಅದಕ್ಕಿಂತಲೂ ಸೊಗಸಾಗಿತ್ತು. ಆದರೆ ಮುಚ್ಚಳದ ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು ಕಂಡಿತು. ಒದ್ದೆ ಕೈಗಳು ಮುಟ್ಟುವ ಜಾಗ. ಅಂದೇ ಹೊಸದನ್ನು ತರಿಸಿದೆನು.